ಒಂದೇ ರಸ್ತೆ, ಎರಡು ರೇಟಿಂಗ್: ಗ್ರಾಸ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್‌ನ ಇಕೋಟೂರ್ ಡ್ರೈವ್

ಮೊದಲೇ ಹೇಳಿಬಿಡುತ್ತೇನೆ, ಈ ರಸ್ತೆಗೆ ನಾನು ಎರಡು ರೇಟಿಂಗ್ ಕೊಡುತ್ತಿದ್ದೇನೆ. ಮಧ್ಯಾಹ್ನ ಹೋದರೆ ಎರಡು ಸ್ಟಾರ್. ನಸುಕಿನಲ್ಲಿ ಹೋದರೆ ಐದು. ರಸ್ತೆ ಅದೇ, ಕಾರು ಅದೇ, ಪಕ್ಕದ ಸೀಟಿನಲ್ಲಿ ಕೂತು ನನ್ನ ಡ್ರೈವಿಂಗ್‌ನಲ್ಲಿ ತಪ್ಪು ಹುಡುಕುತ್ತಿದ್ದ ಅಪ್ಪನೂ ಅವರೇ. ಬದಲಾಗಿದ್ದು ಗಡಿಯಾರ ಮಾತ್ರ. ಇದನ್ನು ಯಾರಾದರೂ ನಮಗೆ ಮುಂಚೆಯೇ ಹೇಳಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ನಮ್ಮದು ಗದಗ ಜಿಲ್ಲೆಯ ರೋಣದ ಕಡೆ. ಅಪ್ಪ 31 ವರ್ಷ ಸರ್ಕಾರಿ ಬಸ್ ಓಡಿಸಿ ರಿಟೈರ್ ಆದವರು. ನಾನು ಕೆನಡಾದ ರೆಜೈನಾದಲ್ಲಿ ನರ್ಸ್. 2025ರ ಬೇಸಿಗೆಯಲ್ಲಿ ಅಪ್ಪ ಮೊದಲ ಸಲ ಇಲ್ಲಿಗೆ ಬಂದರು. ಬಂದು ಎರಡು ವಾರ ಮನೆ, ಅಂಗಡಿ, ಮತ್ತೆ ಮನೆ. ಜೂನ್ ಕೊನೆಗೆ ನನಗೆ ನಾಲ್ಕು ದಿನ ರಜೆ ಸಿಕ್ಕಿತು. ಎಲ್ಲರೂ ಹೋಗುವ ಪ್ರವಾಸಿ ತಾಣ ಬ್ಯಾನ್ಫ್‌ಗೆ ಕರೆದುಕೊಂಡು ಹೋಗೋಣ ಅಂತ ರೂಮಿನ ಬಾಡಿಗೆ ನೋಡಿದೆ. ನೋಡಿ ಫೋನ್ ಕೆಳಗಿಟ್ಟೆ. "ಅಪ್ಪಾ, ಹುಲ್ಲುಗಾವಲು ನೋಡಾಕ ಹೋಗೋಣೇನು?" ಅಂದೆ.

"ಹುಲ್ಲು ನೋಡಾಕ ನಾಕ್ ತಾಸ ಗಾಡಿ ಹೊಡಿಬೇಕೇನ್ ಯವ್ವಾ?" ಅಂದರು.

ಪ್ರಶ್ನೆ ಸರಿಯಾಗಿಯೇ ಇತ್ತು. ಗ್ರಾಸ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್ ಇರುವುದು ಸಸ್ಕ್ಯಾಚೆವಾನ್ ಪ್ರಾಂತ್ಯದ ದಕ್ಷಿಣದ ತುದಿಯಲ್ಲಿ. ಅಲ್ಲಿಂದಾಚೆ ಅಮೆರಿಕದ ಮೊಂಟಾನಾ. ಪಾರ್ಕ್ ಎರಡು ತುಂಡಾಗಿದೆ, ವೆಸ್ಟ್ ಬ್ಲಾಕ್ ಮತ್ತು ಈಸ್ಟ್ ಬ್ಲಾಕ್. ನಾನು ಹೇಳುತ್ತಿರುವುದು ವೆಸ್ಟ್ ಬ್ಲಾಕ್‌ನ ಇಕೋಟೂರ್ ಸೀನಿಕ್ ಡ್ರೈವ್ ಬಗ್ಗೆ. ಸಫಾರಿ ಜೀಪಿಲ್ಲ, ಗೈಡ್ ಇಲ್ಲ, ಟೈಮಿಂಗ್ ಇಲ್ಲ. ವಾಲ್ ಮರೀ ಅನ್ನುವ ಪುಟ್ಟ ಊರಿನ ವಿಸಿಟರ್ ಸೆಂಟರ್‌ನಲ್ಲಿ ನಕ್ಷೆ ತೆಗೆದುಕೊಳ್ಳಬೇಕು. ನಿಮ್ಮ ಕಾರು, ನಿಮ್ಮ ವೇಗ. ಬೋರ್ಡ್ ಇರುವ ಕಡೆ ನಿಲ್ಲಿಸಿ ಇಳಿದು ನೋಡಿ, ಮತ್ತೆ ಹತ್ತಿ ಹೊರಡಿ. ವಾಲ್ ಮರೀಯಿಂದ ಹೊರಟು ವಾಪಸ್ ಬರಲು ಸುಮಾರು 80 ಕಿಲೋಮೀಟರ್. ಬಹುಪಾಲು ಜಲ್ಲಿ ರಸ್ತೆ. ಎರಡೂವರೆ, ಮೂರು ಗಂಟೆ ಸಾಕು ಅನ್ನುತ್ತಾರೆ. ನಮಗೆ ಮೊದಲ ಸಲ ಎರಡು ಗಂಟೆ ಹಿಡಿಯಿತು, ಎರಡನೇ ಸಲ ಆರು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. 2025ರಲ್ಲಿ ಜೂನ್ 20ರಿಂದ ಸೆಪ್ಟೆಂಬರ್ 2ರವರೆಗೆ ಕೆನಡಾದ ಎಲ್ಲ ನ್ಯಾಷನಲ್ ಪಾರ್ಕ್‌ಗಳಿಗೂ ಪ್ರವೇಶ ಉಚಿತವಿತ್ತು, ಕ್ಯಾಂಪಿಂಗ್ ದರದಲ್ಲಿ 25% ಕಡಿತ. ಹಾಗಾಗಿ ನಮಗೆ ಖರ್ಚಾಗಿದ್ದು ಕ್ಯಾಂಪು, ಪೆಟ್ರೋಲು, ಮತ್ತು ಬಾಡಿಗೆ ಕಾರು. ಈ ಕಾರಿನದೊಂದು ಕಥೆ. ನನ್ನ ಕಾರು ಗ್ಯಾರೇಜಿನಲ್ಲಿತ್ತು, ಅದಕ್ಕೆ ಬಾಡಿಗೆಗೆ ತೆಗೆದುಕೊಂಡೆ. ಜಲ್ಲಿ ರಸ್ತೆಗೆ ಹೋಗಬಹುದಾ ಅಂತ ಕೌಂಟರ್‌ನಲ್ಲಿ ಎರಡು ಸಲ ಕೇಳಿದೆ. ಏನೂ ತೊಂದರೆ ಇಲ್ಲ ಅಂದರು. ವಾಪಸ್ ಕೊಡುವಾಗ ಮುಂದಿನ ಗಾಜಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಲ್ಲೇಟು ಕಂಡಿತು. 75 ಡಾಲರ್ ತೆಗೆದುಕೊಂಡರು. ಒಪ್ಪಂದದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತಂತೆ. ನೀವು ಓದಿ, ನಾನು ಓದಿರಲಿಲ್ಲ. ಎದುರಿನಿಂದ ದೊಡ್ಡ ಗಾಡಿ ಬಂದಾಗ ವೇಗ ಪೂರ್ತಿ ಇಳಿಸಿ ಬಲಕ್ಕೆ ಸರಿಯಬೇಕು ಅಂತ ಅಪ್ಪ ಹೇಳಿದ್ದರು. ಅದನ್ನೂ ನಾನು ಕೇಳಿರಲಿಲ್ಲ.

ರೆಜೈನಾದಿಂದ ಹೆದ್ದಾರಿ 1ರಲ್ಲಿ ಪಶ್ಚಿಮಕ್ಕೆ ಸ್ವಿಫ್ಟ್ ಕರೆಂಟ್, ಅಲ್ಲಿಂದ ಹೆದ್ದಾರಿ 4 ಹಿಡಿದು ದಕ್ಷಿಣಕ್ಕೆ ಸುಮಾರು 120 ಕಿಲೋಮೀಟರ್. ದಾರಿಯುದ್ದಕ್ಕೂ ಹೊಲ. ಗೋಧಿ, ಸಾಸಿವೆಯಂಥ ಕನೋಲಾ, ಮಸೂರ. ಇಲ್ಲಿ ಬೆಳೆಯುವ ಮಸೂರ ಬೇಳೆ ನಮ್ಮ ದೇಶಕ್ಕೂ ಬರುತ್ತದೆ ಅಂದೆ. ಅಪ್ಪ ಕಾರು ನಿಲ್ಲಿಸಲು ಹೇಳಿದರು. ಇಳಿದು ಹೊಲದ ಅಂಚಿಗೆ ಹೋಗಿ ಗಿಡ ಮುಟ್ಟಿ ನೋಡಿ ಬಂದರು. "ಬದುವ ಇಲ್ಲಲ್ಲ, ಯಾರದು ಎಲ್ಲಿ ಮುಗಿತೈತಿ?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ಈ ಹೊಲಗಳೆಲ್ಲ ಒಂದು ಕಾಲಕ್ಕೆ ಹುಲ್ಲುಗಾವಲೇ. ಸಸ್ಕ್ಯಾಚೆವಾನ್‌ನ ಮೂಲ ಹುಲ್ಲುಗಾವಲಿನ ಮುಕ್ಕಾಲು ಪಾಲಿಗೂ ಹೆಚ್ಚು ಉಳುಮೆಗೆ ಹೋಗಿದೆ. ಪಾರ್ಕ್ ಅನ್ನುವುದು ನೇಗಿಲು ತಾಕದೆ ಉಳಿದ ಚೂರು. ಇದು ತಲೆಯಲ್ಲಿದ್ದರೆ ಮುಂದೆ ಕಾಣುವ "ಏನೂ ಇಲ್ಲದ" ನೆಲ ಸ್ವಲ್ಪ ಬೇರೆ ಥರ ಕಾಣುತ್ತದೆ. ಆದರೆ ಮಧ್ಯಾಹ್ನ ಒಂದು ಗಂಟೆಗೆ ಅದೂ ಸಹಾಯಕ್ಕೆ ಬರುವುದಿಲ್ಲ.

ಒಂದು ಗಂಟೆಗೆ ನಾವು ಹೊರಟೆವು. ಬಿಸಿಲು 33 ಡಿಗ್ರಿ. ಹೆದ್ದಾರಿ 18ರಿಂದ ಒಳಗೆ ಹೊರಳಿದ ಮೇಲೆ ರಸ್ತೆ ಫ್ರೆಂಚ್‌ಮನ್ ನದಿಯ ಕಣಿವೆಗೆ ಇಳಿಯುತ್ತದೆ. ಹಿಮಯುಗದ ಕೊನೆಯಲ್ಲಿ ಕರಗಿದ ನೀರು ಕೊರೆದ ಕಣಿವೆ ಅದು. ಕಣಿವೆ ಅಗಲವಾಗಿದೆ, ಈಗಿನ ನದಿ ಮಾತ್ರ ನಮ್ಮ ಹಳ್ಳದಷ್ಟು. ಅಂಕುಡೊಂಕಾಗಿ ಹೋಗುತ್ತದೆ. ಈ ನೀರು ಕೆನಡಾದ ಬಹಳಷ್ಟು ನದಿಗಳ ಹಾಗೆ ಉತ್ತರಕ್ಕೆ ಹೋಗುವುದಿಲ್ಲ. ಗಡಿ ದಾಟಿ ಮಿಲ್ಕ್ ನದಿ ಸೇರಿ, ಅಲ್ಲಿಂದ ಮಿಸೌರಿ, ಮಿಸಿಸಿಪ್ಪಿ, ಕೊನೆಗೆ ಮೆಕ್ಸಿಕೋ ಕೊಲ್ಲಿ. ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳುತ್ತಿದ್ದೆ. ತಿರುಗಿ ನೋಡಿದರೆ ಅಪ್ಪ ನಿದ್ದೆ ಹೋಗಿದ್ದರು. ಬೇರೆಯವರು ಗಾಡಿ ಓಡಿಸುವಾಗ ಅಪ್ಪ ಕಣ್ಣು ಮುಚ್ಚಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಎಬ್ಬಿಸಲು ಕಾರಣವೂ ಇರಲಿಲ್ಲ. ನೆತ್ತಿಯ ಮೇಲಿನ ಸೂರ್ಯನಿಗೆ ನೆರಳೇ ಬೀಳುವುದಿಲ್ಲ. ನೆರಳಿಲ್ಲದಿದ್ದರೆ ಹುಲ್ಲುಗಾವಲಿಗೆ ಉಬ್ಬು ತಗ್ಗು ಇಲ್ಲ. ಎಲ್ಲ ಒಂದೇ ಬಣ್ಣ, ಹಳೆ ಗೋಣಿಚೀಲದ ಬಣ್ಣ. ಈ ಬಯಲಿನ ದೊಡ್ಡ ಕಾಡುದನ ಬೈಸನ್ ಒಂದೂ ಇಲ್ಲ. ಮುಂದೆ ಹೋಗುತ್ತಿದ್ದ ದೊಡ್ಡ ಕ್ಯಾಂಪಿಂಗ್ ವ್ಯಾನ್ ಎಬ್ಬಿಸಿದ ಧೂಳು ಮಾತ್ರ ಧಾರಾಳ. ಎರಡು ಬೋರ್ಡ್ ಓದಿದೆ. ಮೂರನೆಯದಕ್ಕೆ ಇಳಿಯಲಿಲ್ಲ. ಮರ ಇಲ್ಲ, ಆದ್ದರಿಂದ ನೆರಳಿಲ್ಲ. ಈ ಪಾರ್ಕ್‌ನ ಒಂದು ಕಾಲುದಾರಿಗೆ 'ಟೂ ಟ್ರೀಸ್' ಅಂತ ಹೆಸರಿಟ್ಟಿದ್ದಾರೆ. ಎರಡು ಮರ ಇದ್ದರೆ ಅದೇ ಒಂದು ಗುರುತು ಅನ್ನುವಂಥ ಜಾಗ ಇದು. ನೀವೇ ಲೆಕ್ಕ ಹಾಕಿ.

ಇಷ್ಟಕ್ಕೇ ಮನೆಗೆ ಹೋಗಿದ್ದರೆ ಎರಡು ಸ್ಟಾರ್ ಕೊಟ್ಟು ಮರೆತುಬಿಡುತ್ತಿದ್ದೆ. ಪುಣ್ಯಕ್ಕೆ ಫ್ರೆಂಚ್‌ಮನ್ ವ್ಯಾಲಿ ಕ್ಯಾಂಪ್‌ಗ್ರೌಂಡ್‌ನಲ್ಲಿ ಒಂದು ಓಟೆಂಟಿಕ್ ಬುಕ್ ಮಾಡಿದ್ದೆ. ಅರ್ಧ ಟೆಂಟು, ಅರ್ಧ ಮನೆ. ಮರದ ನೆಲ, ಮಂಚ, ಕ್ಯಾನ್ವಾಸ್ ಗೋಡೆ. ಇದು ಇಕೋಟೂರ್ ರಸ್ತೆಯಲ್ಲೇ ಇದೆ. ಈ ವಿಮರ್ಶೆಯಲ್ಲಿ ಒಂದೇ ಒಂದು ಸಲಹೆ ನೆನಪಿಡುವುದಾದರೆ ಇದನ್ನು ಇಡಿ: ಒಳಗೆ ಮಲಗಿ. ವಾಲ್ ಮರೀಯಲ್ಲೋ ಸ್ವಿಫ್ಟ್ ಕರೆಂಟ್‌ನಲ್ಲೋ ಮಲಗಿದರೆ ನಸುಕಿಗೆ ಎದ್ದು ಬರುವುದು ಬಾಯಿಮಾತಿಗೆ ಮಾತ್ರ.

ಸಂಜೆ ಒಂದು ದಿಬ್ಬದ ಮೇಲೆ ಎರಡು ಕೆಂಪು ಕುರ್ಚಿ ಸಿಕ್ಕವು. ಪಾರ್ಕ್ಸ್ ಕೆನಡಾದವರು ದೇಶದ ತುಂಬ ಒಳ್ಳೆ ನೋಟ ಇರುವ ಕಡೆ ಇಂಥ ಕುರ್ಚಿ ಇಟ್ಟಿದ್ದಾರೆ. ಅಪ್ಪ ಒಂದರಲ್ಲಿ ಕೂತರು. ಎಂಟೂವರೆ ಆಯಿತು, ಸೂರ್ಯ ಇನ್ನೂ ಮೇಲೆ. ಒಂಬತ್ತಾಯಿತು. "ಇಂವ ಮನಿಗೆ ಹೋಗಂಗಿಲ್ಲೇನು?" ಅಂದರು. ಸೂರ್ಯ ಮುಳುಗಿದ್ದು ಒಂಬತ್ತೂಕಾಲಿನ ಮೇಲೆ. ಅಷ್ಟರಲ್ಲಿ ಕಣಿವೆ ಬದಲಾಗಿಬಿಟ್ಟಿತ್ತು. ಅಡ್ಡ ಬೆಳಕು ಬಿದ್ದ ಕೂಡಲೇ ಮಧ್ಯಾಹ್ನ ಚಪ್ಪಟೆಯಾಗಿದ್ದ ನೆಲದಲ್ಲಿ ಮಡಿಕೆ ಮಡಿಕೆ ಎದ್ದವು. ಒಂದೊಂದು ಕೊರಕಲಿಗೂ ಕಪ್ಪು ನೆರಳು. ಇಂಥ ಕೊರಕಲಿಗೆ ಇಲ್ಲಿನವರು 'ಕೂಲಿ' ಅನ್ನುತ್ತಾರೆ. "ಅಲ್ಲಿ ಕೂಲಿಯೊಳಗ ಬೈಸನ್ ಇರ್ತಾವು" ಅಂದಿದ್ದಕ್ಕೆ ಅಪ್ಪ, "ದಿನಗೂಲಿನೋ, ಗುತ್ತಿಗಿನೋ?" ಅಂದರು. ಮೂಡು ಸರಿಹೋಗಿದೆ ಅಂತ ಗೊತ್ತಾಯಿತು.

ರಾತ್ರಿ ಬಗ್ಗೆ ಒಂದು ಮಾತು. ಈ ಪಾರ್ಕನ್ನು 2009ರಲ್ಲಿ ಡಾರ್ಕ್ ಸ್ಕೈ ಪ್ರಿಸರ್ವ್, ಅಂದರೆ ರಾತ್ರಿಯ ಕತ್ತಲೆ ಕಾಪಾಡುವ ಜಾಗ, ಅಂತ ಘೋಷಿಸಿದ್ದಾರೆ. ಸುತ್ತ ದೊಡ್ಡ ಊರಿಲ್ಲ, ದೀಪದ ಹೊಳಪಿಲ್ಲ. ಆದರೆ ಜೂನ್ ಕೊನೆಗೆ ಹೋಗಿ ಕಗ್ಗತ್ತಲೆ ಸಿಗಲಿಲ್ಲ ಅಂತ ದೂರಬೇಡಿ. ಈ ಅಕ್ಷಾಂಶದಲ್ಲಿ ಆಗ ಉತ್ತರದ ಅಂಚಿನಲ್ಲಿ ಒಂದು ಮಸುಕು ಬೆಳಕು ರಾತ್ರಿಯಿಡೀ ಉಳಿದೇ ಇರುತ್ತದೆ. ನಕ್ಷತ್ರಕ್ಕಾಗಿಯೇ ಹೋಗುವವರು ಆಗಸ್ಟ್ ಕೊನೆಗೋ ಸೆಪ್ಟೆಂಬರ್‌ಗೋ ಹೋಗಿ. ಆದರೂ ಹನ್ನೆರಡೂವರೆಗೆ ಹೊರಗೆ ಬಂದಾಗ ಹಾಲುಹಾದಿ ಕಂಡಿತು. ಅಪ್ಪ ಸಪ್ತರ್ಷಿ ಹುಡುಕಿ, ಅಲ್ಲಿಂದ ಧ್ರುವ ನಕ್ಷತ್ರ ಹಿಡಿದು, ಸುಮ್ಮನೆ ನಿಂತುಬಿಟ್ಟರು. ರೋಣದಲ್ಲಿ ಧ್ರುವ ನಕ್ಷತ್ರ ಉತ್ತರಕ್ಕೆ ಕೆಳಗೆ, ಹೊಲದಂಚಿನ ಬೇವಿನ ಮರದ ತಲೆಯ ಹತ್ತಿರ ಇರುತ್ತದೆ. ಇಲ್ಲಿ ಅದು ಅರ್ಧ ಆಕಾಶ ಏರಿ ಕೂತಿದೆ. "ಎಷ್ಟ್ ದೂರ ಬಂದೀವಿ ಅಂತ ಈಗ ಗೊತ್ತಾತು" ಅಂದರು. ವಿಮಾನದಲ್ಲಿ ಇಪ್ಪತ್ತು ಗಂಟೆಗೂ ಹೆಚ್ಚು ಕೂತು ಬಂದಾಗ ಗೊತ್ತಾಗಿರಲಿಲ್ಲವಂತೆ.

ಈಗ ಐದು ಸ್ಟಾರ್‌ನ ಭಾಗ.

ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಕಾರು ತೆಗೆದೆವು. ಜೂನ್‌ನಲ್ಲಿ ಇಲ್ಲಿ ಐದು ಗಂಟೆಗೆಲ್ಲ ಸೂರ್ಯೋದಯ. ಚಳಿ ಇತ್ತು, ಜಾಕೆಟ್ ಬೇಕಾಯಿತು. ಕಿಟಕಿ ಇಳಿಸಿದರೆ ಸೇಜ್ ಗಿಡದ ವಾಸನೆ, ಕರ್ಪೂರಕ್ಕೂ ಮಾಚಿಪತ್ರೆಗೂ ನಡುವಿನದು. ಬೇಲಿ ಕಂಬದ ಮೇಲೆ ಮೆಡೋಲಾರ್ಕ್. ಹಳದಿ ಎದೆ, ಅದರ ಮೇಲೆ ಕಪ್ಪು ಮಾಲೆ ಹಾಕಿದ ಹಾಗೆ ಒಂದು ಗುರುತು. ಇಷ್ಟು ಸಣ್ಣ ಹಕ್ಕಿಯಿಂದ ಇಷ್ಟು ದೊಡ್ಡ ಕೊಳಲಿನ ದನಿ ಹೇಗೆ ಬರುತ್ತದೋ. ಹತ್ತು ಕಂಬಕ್ಕೊಂದು ಕೂತಿರುತ್ತವೆ, ಒಂದು ಮುಗಿಸುವಷ್ಟರಲ್ಲಿ ಮುಂದಿನದು ಶುರು.

ಮೊದಲು ಕಂಡಿದ್ದು ಪ್ರಾಂಗ್‌ಹಾರ್ನ್. ಅಪ್ಪನೇ ನೋಡಿದ್ದು. "ಚಿಗರಿ! ಚಿಗರಿ! ನಿಲ್ಸ್!" ನೋಡಲು ನಮ್ಮ ಕಡೆಯ ಚಿಗರಿಯ ಹಾಗೇ ಇದೆ, ಆದರೆ ಸಂಬಂಧ ಇಲ್ಲ. ಪ್ರಾಂಗ್‌ಹಾರ್ನ್ ತನ್ನ ಕುಟುಂಬದಲ್ಲಿ ಉಳಿದಿರುವ ಒಂದೇ ಪ್ರಾಣಿ. ಗಂಟೆಗೆ 90 ಕಿಲೋಮೀಟರ್ ಆಸುಪಾಸು ಓಡುತ್ತದೆ. ಅದನ್ನು ಹಿಡಿಯುವಷ್ಟು ಜೋರಾಗಿ ಓಡುವ ಬೇಟೆ ಪ್ರಾಣಿ ಈಗ ಅಮೆರಿಕ ಖಂಡದಲ್ಲೇ ಇಲ್ಲ. ಆದರೂ ಓಡುವುದನ್ನು ಬಿಟ್ಟಿಲ್ಲ. ತಮಾಷೆ ಏನೆಂದರೆ ಇಷ್ಟು ವೇಗದ ಪ್ರಾಣಿಗೆ ಬೇಲಿ ಹಾರುವುದು ಅಷ್ಟಾಗಿ ಒಗ್ಗುವುದಿಲ್ಲ, ಕೆಳಗೆ ನುಸುಳಿ ಹೋಗುತ್ತದೆ. ನಾವು ನೋಡುತ್ತಿದ್ದಾಗಲೇ ಒಂದು ಬೇಲಿಯ ತನಕ ಗಾಳಿಯ ಹಾಗೆ ಬಂದು, ನಿಂತು, ಮೊಣಕಾಲೂರಿ ತಂತಿಯ ಕೆಳಗೆ ತೂರಿಕೊಂಡು, ಆಚೆ ಹೋಗಿ ಮತ್ತೆ ಗಾಳಿಯಾಯಿತು. ಅಪ್ಪ ನಕ್ಕಿದ್ದು ನಕ್ಕಿದ್ದೇ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೂ ಸಿಗ್ನಲ್‌ನಲ್ಲಿ ಇದೇ ಗತಿ ಅಂದರು.

ಬೈಸನ್ ಸಿಕ್ಕಿದ್ದು ಆರು ಗಂಟೆ ಹೊತ್ತಿಗೆ. ನಮ್ಮಲ್ಲಿ ಕಾಡುಕೋಣಕ್ಕೂ ಬೈಸನ್ ಅನ್ನುತ್ತಾರೆ, ಇದು ಅದಲ್ಲ. ಇದಕ್ಕೆ ಹೆಗಲ ಮೇಲೆ ಗುಡ್ಡ, ಗಡ್ಡ, ಮುಂದಿನ ಅರ್ಧ ಮೈಗೆ ಕಂಬಳಿ. ಹಿಂದಿನ ಅರ್ಧ ಬೇರೆ ಯಾರದೋ ಎತ್ತಿನಿಂದ ತಂದು ಜೋಡಿಸಿದ ಹಾಗಿದೆ. ದೊಡ್ಡ ಗಂಡು 900 ಕಿಲೋ ತೂಗಬಹುದು. ಒಂದು ಕಾಲಕ್ಕೆ ಈ ಬಯಲಿನಲ್ಲಿ ಕೋಟಿಗಟ್ಟಲೆ ಇದ್ದವು. 19ನೇ ಶತಮಾನ ಮುಗಿಯುವುದರೊಳಗೆ ಇಡೀ ಖಂಡದಲ್ಲಿ ಸಾವಿರದ ಆಸುಪಾಸಿಗೆ ಬಂದಿದ್ದವು. ಈ ಕಣಿವೆಯಲ್ಲಂತೂ ನೂರು ವರ್ಷಕ್ಕೂ ಹೆಚ್ಚು ಕಾಲ ಒಂದೂ ಇರಲಿಲ್ಲ. 2005ರ ಡಿಸೆಂಬರ್‌ನಲ್ಲಿ ಆಲ್ಬರ್ಟಾದ ಎಲ್ಕ್ ಐಲ್ಯಾಂಡ್ ಪಾರ್ಕ್‌ನಿಂದ 71 ಬೈಸನ್ ಲಾರಿಯಲ್ಲಿ ತಂದರು. 2006ರ ಮೇ ತಿಂಗಳಲ್ಲಿ ಬಯಲಿಗೆ ಬಿಟ್ಟರು. ಈಗ ನೂರಾರು ಆಗಿವೆ.

ನಮ್ಮ ಎದುರು ರಸ್ತೆಯ ಮೇಲೆ ಇದ್ದಿದ್ದು ಮೂವತ್ತೋ ನಲವತ್ತೋ. ಜೊತೆಗೆ ಕರುಗಳು. ಕರುಗಳ ಬಣ್ಣ ತಾಯಿಯ ಹಾಗಲ್ಲ, ಕಿತ್ತಳೆ. ನಾನು ಬ್ರೇಕ್ ಹಾಕಿದೆ. ಕೈ ಹಾರ್ನ್ ಹತ್ತಿರ ಹೋಯಿತೋ ಏನೋ, ಅಪ್ಪ ನನ್ನ ಕೈ ಹಿಡಿದರು.

"ಹಾರ್ನ್ ಬ್ಯಾಡ. ಎಂಜಿನ್ ಆಫ್ ಮಾಡು. ದನ ತಾನಾ ಹೊಕ್ಕಾವು."

31 ವರ್ಷ ಹಳ್ಳಿ ರಸ್ತೆಯಲ್ಲಿ ಬಸ್ ಓಡಿಸಿದವರಿಗೆ ರಸ್ತೆಗೆ ಅಡ್ಡ ನಿಂತ ದನದ ಬಗ್ಗೆ ನಾನು ಏನು ಹೇಳಲಿ? ಬೈಸನ್‌ನಿಂದ 100 ಮೀಟರ್ ದೂರ ಇರಬೇಕು ಅಂತ ಪಾರ್ಕ್‌ನ ನಿಯಮ. ನಾವು ದೂರದಲ್ಲೇ ನಿಲ್ಲಿಸಿದ್ದೆವು. ನಿಯಮ ಅವುಗಳಿಗೆ ಗೊತ್ತಿಲ್ಲ. ಹಿಂಡು ಮೇಯುತ್ತಾ ಮೇಯುತ್ತಾ ಕಾರಿನ ಎರಡೂ ಪಕ್ಕಕ್ಕೆ ಬಂದುಬಿಟ್ಟಿತು. ಕಿಟಕಿ ಏರಿಸಿ ಕೂತೆವು. ಹುಲ್ಲು ಕೀಳುವ ಸದ್ದು ಗಾಜಿನೊಳಗೂ ಕೇಳುತ್ತಿತ್ತು, ಬಟ್ಟೆ ಹರಿದ ಹಾಗೆ. ಉಸಿರು ಬಿಡುವುದು ಕೇಳುತ್ತಿತ್ತು. ಮಧ್ಯೆ ಮಧ್ಯೆ ಹೊಟ್ಟೆಯಾಳದಿಂದ ಒಂದು ಗುಟುರು. ಒಂದು ಹೆಣ್ಣು ಬೈಸನ್ ಅಪ್ಪನ ಕಡೆಯ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಸ್ವಲ್ಪ ಹೊತ್ತು ನಿಂತಿತು. 40 ನಿಮಿಷ. ಅಷ್ಟು ಹೊತ್ತು ಅಪ್ಪ ನನ್ನ ಡ್ರೈವಿಂಗ್ ಬಗ್ಗೆ ಒಂದು ಮಾತೂ ಆಡಲಿಲ್ಲ. ಇದೊಂದಕ್ಕೇ ಒಂದು ಸ್ಟಾರ್ ಜಾಸ್ತಿ ಕೊಡಬಹುದು.

ಅವು ಹೋದ ಮೇಲೆ ರಸ್ತೆ ಪಕ್ಕ ಒಂದು ಬಂಡೆ ನೋಡಿದೆವು. ಎದೆಮಟ್ಟದ್ದು, ಮೂಲೆಗಳೆಲ್ಲ ನುಣುಪು. ಸುತ್ತ ನೆಲ ತಗ್ಗಾಗಿ ಕಾಲುವೆಯ ಹಾಗಿದೆ. ಹಿಮನದಿ ಹೊತ್ತು ತಂದು ಬಿಟ್ಟುಹೋದ ಕಲ್ಲು. ಬೈಸನ್‌ಗಳು ತಲೆತಲಾಂತರದಿಂದ ಮೈ ತುರಿಸಿಕೊಂಡು ನುಣುಪು ಮಾಡಿವೆ. ಮರವಿಲ್ಲದ ಬಯಲಿನಲ್ಲಿ ಮೈ ತುರಿಸಲು ಇನ್ನೇನಿದೆ? ಅಪ್ಪ ಅಂಗೈಯಿಂದ ಸವರಿ, "ನಮ್ ದನಕ್ಕ ಹಿಂತಾದ್ ಒಂದು ನೆಟ್ಟಿದ್ರ ಆಗ್ತಿತ್ತು" ಅಂದರು.

ಪ್ರೇರಿ ಡಾಗ್‌ಗಳ ಜಾಗಕ್ಕೆ ಬಂದಾಗ ಏಳೂಮುಕ್ಕಾಲು. ನಕ್ಷೆಯಲ್ಲಿ 'ಟಾಪ್ ಡಾಗ್‌ಟೌನ್' ಅಂತ ಹೆಸರಿದೆ. ಹೆಸರಲ್ಲಿ ಡಾಗ್, ಜಾತಿಯಲ್ಲಿ ಅಳಿಲಿನ ನೆಂಟ. ನಾಯಿಯ ಹಾಗೆ ಬೊಗಳುತ್ತದೆ ಅಂತ ಆ ಹೆಸರು. ಕಪ್ಪು ಬಾಲದ ಪ್ರೇರಿ ಡಾಗ್ ಕೆನಡಾದಲ್ಲಿ ತನ್ನ ಸಹಜ ನೆಲೆಯಲ್ಲಿ ಉಳಿದಿರುವುದು ಈ ಪಾರ್ಕ್ ಮತ್ತು ಅದರ ಅಕ್ಕಪಕ್ಕದಲ್ಲಿ ಮಾತ್ರ. ಮಧ್ಯಾಹ್ನ ಇದೇ ಜಾಗ ಖಾಲಿ ಮಣ್ಣುಗುಡ್ಡೆಗಳ ಬಯಲಾಗಿತ್ತು. ಬಿಸಿಲಿಗೆ ಎಲ್ಲ ಬಿಲದೊಳಗೆ ಇದ್ದವು. ಈಗ ಊರು ಎದ್ದಿತ್ತು. ನೂರಾರು. ಒಂದು ಗುಡ್ಡೆಯ ಮೇಲೆ ಒಂದು ಕಾವಲು ನಿಂತಿದೆ. ಉಳಿದವು ತಿನ್ನುತ್ತಿವೆ, ಮರಿಗಳು ಉರುಳಾಡುತ್ತಿವೆ. ಎರಡು ಎದುರಾದರೆ ಮೂತಿಗೆ ಮೂತಿ ತಾಗಿಸಿ ಪರಿಚಯ ಖಾತ್ರಿ ಮಾಡಿಕೊಂಡು ಮುಂದೆ ಹೋಗುತ್ತವೆ. ಬಿಲದ ಸುತ್ತ ಎತ್ತರದ ಹುಲ್ಲನ್ನೆಲ್ಲ ಕತ್ತರಿಸಿ ಹಾಕಿರುತ್ತವೆ, ಶತ್ರು ಬಂದರೆ ದೂರದಿಂದಲೇ ಕಾಣಲಿ ಅಂತ.

ನಾನು ಕಾರಿನ ಬಾಗಿಲು ತೆಗೆದೆ. ಒಂದು ಬೊಗಳಿತು. ಎಲ್ಲ ಮಾಯ. ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಒಂದು ತಲೆ ಮೇಲೆ ಬಂತು. ಆಮೇಲೆ ಒಂದು ಪ್ರೇರಿ ಡಾಗ್ ಹಿಂಗಾಲ ಮೇಲೆ ನಿಂತು, ಮುಂದಿನ ಎರಡೂ ಕೈ ಮೇಲೆತ್ತಿ, ತಲೆ ಹಿಂದಕ್ಕೆ ಹಾಕಿ ಜೋರಾಗಿ ಕೂಗಿತು. ಮಂಗಳಾರತಿಯಲ್ಲಿ ಮೈಮೇಲೆ ದೇವರು ಬಂದವರ ಹಾಗೆ. ಕೂಗಿದ ರಭಸಕ್ಕೆ ಅದೇ ಹಿಂದಕ್ಕೆ ಬಿತ್ತು. ಪಕ್ಕದ್ದು ಕೂಗಿತು, ಅದರ ಪಕ್ಕದ್ದು ಕೂಗಿತು, ಕೂಗು ಬಯಲಿನ ಆಚೆ ತುದಿಯ ತನಕ ಹೋಯಿತು. ಅಪ್ಪ ಎರಡೂ ಕೈ ಎತ್ತಿ ಅದರ ಹಾಗೆ ಮಾಡಿ ತೋರಿಸಿದರು. ವಿಡಿಯೋ ಇದೆ, ಹಾಕಬೇಡ ಅಂದಿದ್ದಾರೆ.

ಬಿಟ್ಟ ಬಿಲಗಳಲ್ಲಿ ಬರೋಯಿಂಗ್ ಔಲ್ ಅನ್ನುವ ಪುಟ್ಟ ಗೂಬೆ ಇರುತ್ತದೆ. ಮುಕ್ಕಾಲು ಗಂಟೆ ಬೈನಾಕ್ಯುಲರ್ ಹಿಡಿದು ಹುಡುಕಿದೆ, ಕಾಣಲಿಲ್ಲ. ಪ್ರೇರಿ ಡಾಗನ್ನೇ ತಿಂದು ಬದುಕುವ ಕಪ್ಪು ಕಾಲಿನ ಫೆರೆಟ್ ಅನ್ನುವ ಮುಂಗುಸಿಯಂಥ ಪ್ರಾಣಿ ಇಲ್ಲಿ ಕಾಣೆಯಾಗಿತ್ತು. ಅದನ್ನು 2009ರಲ್ಲಿ ಮತ್ತೆ ತಂದು ಬಿಟ್ಟರು. ಮರಿ ಕೂಡ ಹಾಕಿತ್ತು. ಆದರೆ ಬರಗಾಲ, ಪ್ರೇರಿ ಡಾಗ್‌ಗಳಿಗೆ ಬಂದ ಪ್ಲೇಗು, ಎರಡೂ ಸೇರಿ ನೆಲೆ ನಿಲ್ಲಲಿಲ್ಲ. ಬೈಸನ್ ಕಥೆ ಹೇಳುವಾಗ ಈ ಕಥೆಯನ್ನೂ ಹೇಳಬೇಕು ಅನ್ನಿಸುತ್ತದೆ. ಲಾರಿಯಲ್ಲಿ ತಂದು ಬಿಟ್ಟಿದ್ದೆಲ್ಲ ನಿಲ್ಲುವುದಿಲ್ಲ.

ಇಳಿದು ನಡೆಯುವವರು ಕಾಲ ಕೆಳಗೆ ನೋಡಿ. ಪ್ರೇರಿ ರ‍್ಯಾಟಲ್‌ಸ್ನೇಕ್ ಇದೆ, ವಿಷದ ಹಾವು. ತಣ್ಣನೆಯ ಹೊತ್ತಿನಲ್ಲಿ ಬೆಚ್ಚಗಿನ ರಸ್ತೆಯ ಮೇಲೆ ಬಂದು ಮಲಗುತ್ತದೆ. ಕಾರು ನಿಧಾನ ಓಡಿಸಲು ಅದೂ ಒಂದು ಕಾರಣ. ರಕ್ತ ಹೀರುವ ಉಣ್ಣೆ ಹುಳ ಇದೆ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಹುಲ್ಲಿನ ಸಂದಿಯಲ್ಲಿ ಪಾಪಾಸುಕಳ್ಳಿ ಇದೆ. ಹೌದು, ಮೈನಸ್ ಮೂವತ್ತರ ಚಳಿ ಬೀಳುವ ನಾಡಿನಲ್ಲಿ ಪಾಪಾಸುಕಳ್ಳಿ. ನಾವು ಹೋದಾಗ ಹಳದಿ ಹೂ ಬಿಟ್ಟಿತ್ತು. ನಮ್ಮಲ್ಲಿ ಬೇಲಿಯಾಗಿ ಆಳೆತ್ತರ ಬೆಳೆಯುವುದು ಇಲ್ಲಿ ನೆಲಕ್ಕೆ ಅಂಟಿ, ಗೇಣಷ್ಟೂ ಏಳುವುದಿಲ್ಲ. ಬೂಟಿನ ಹೊಲಿಗೆಯ ಸಂದಿಗೆ ಅದರ ಮುಳ್ಳು ಹೋದರೆ ಗೊತ್ತಾಗುತ್ತದೆ.

ಒಂದು ಏರಿನ ಮೇಲೆ ದುಂಡಗೆ ಜೋಡಿಸಿದ ಕಲ್ಲುಗಳಿವೆ. ಟೀಪೀ ಉಂಗುರಗಳು. ಇಲ್ಲಿನ ಮೂಲನಿವಾಸಿಗಳು ತಮ್ಮ ಚರ್ಮದ ಡೇರೆ ಹಾರದ ಹಾಗೆ ಅಂಚಿಗೆ ಇಟ್ಟಿದ್ದ ಕಲ್ಲು. ಡೇರೆ ಎತ್ತಿಕೊಂಡು ಬೈಸನ್ ಹಿಂದೆ ಹೋದರು, ಕಲ್ಲು ಅಲ್ಲೇ ಉಳಿಯಿತು. ಉತ್ತಿದ್ದರೆ ಇವೂ ಇರುತ್ತಿರಲಿಲ್ಲ. 1876ರಲ್ಲಿ ಅಮೆರಿಕದ ಸೈನ್ಯಕ್ಕೂ ಅಲ್ಲಿನ ಮೂಲನಿವಾಸಿಗಳಿಗೂ ಲಿಟಲ್ ಬಿಗ್‌ಹಾರ್ನ್ ಕದನ ಆಯಿತು, ಅದರ ನಂತರ ಮೂಲನಿವಾಸಿ ನಾಯಕ ಸಿಟ್ಟಿಂಗ್ ಬುಲ್ ತನ್ನ ಲಕೋಟಾ ಜನರೊಂದಿಗೆ ಗಡಿ ದಾಟಿ ಈ ಸೀಮೆಗೇ ಬಂದಿದ್ದ. 1877ರಿಂದ 1881ರವರೆಗೆ ಪೂರ್ವಕ್ಕಿರುವ ವುಡ್ ಮೌಂಟನ್ ಕಡೆ ಇದ್ದ. ಬೈಸನ್ ಮುಗಿದು ಹಸಿವು ಶುರುವಾದಾಗ ವಾಪಸ್ ಹೋಗಿ ಶರಣಾದ. ದಾರಿಯಲ್ಲಿ ಹಳೆಯ ರ‍್ಯಾಂಚ್ ಕಟ್ಟಡಗಳೂ ಇವೆ. ಅದಕ್ಕೆ ನಾವು ಜಾಸ್ತಿ ಹೊತ್ತು ಕೊಡಲಿಲ್ಲ. 1872ರ ಕೆನಡಾದ ಭೂ ಕಾಯ್ದೆಯಲ್ಲಿ ಇಲ್ಲಿ ಬಂದು ನೆಲೆಸುವವರಿಗೆ 10 ಡಾಲರ್ ಶುಲ್ಕಕ್ಕೆ 160 ಎಕರೆ ಜಮೀನು ಕೊಡುತ್ತಿದ್ದರು ಅಂದೆ. ಅಪ್ಪ ಒಂದು ನಿಮಿಷ ಲೆಕ್ಕ ಹಾಕಿ, "ನೀರ್ ಕೊಡ್ತಿದ್ರೇನು?" ಅಂತ ಕೇಳಿದರು. ಅಲ್ಲಿ ಮನೆ ಬಿಟ್ಟು ಹೋದವರ ಕಥೆಯೆಲ್ಲ ಅದೇ ಪ್ರಶ್ನೆಯಲ್ಲಿತ್ತು.

ಹೊರಡುವ ದಿನದ ಒಂದು ಪ್ರಸಂಗ ಹೇಳಲೇಬೇಕು. ರಾತ್ರಿ ಗುಡುಗಿ ಮಳೆ ಬಂದಿತ್ತು, ಜಾಸ್ತಿಯೇನಲ್ಲ. ಪಾರ್ಕ್ ಬಿಟ್ಟ ಮೇಲೆ ಫೋನಿನ ಮ್ಯಾಪು ಒಂದು ಅಡ್ಡದಾರಿ ತೋರಿಸಿತು. 18 ನಿಮಿಷ ಉಳಿತಾಯ. ಜಲ್ಲಿ ಇಲ್ಲದ ಮಣ್ಣಿನ ದಾರಿ, ನೋಡಲು ನುಣ್ಣಗಿತ್ತು. ತಿರುಗಿಸಲು ಇಂಡಿಕೇಟರ್ ಹಾಕಿದೆ.

"ನಿಲ್ಸ್" ಅಂದರು ಅಪ್ಪ. ಇಳಿದು ಹತ್ತು ಹೆಜ್ಜೆ ಹೋಗಿ ಚಪ್ಪಲಿಯಿಂದ ಒತ್ತಿ ನೋಡಿದರು. ವಾಪಸ್ ಬರುವಷ್ಟರಲ್ಲಿ ಚಪ್ಪಲಿ ಎರಡಿಂಚು ದಪ್ಪವಾಗಿತ್ತು. "ಇದು ಎರಿ. ನಮ್ ಎರಿ ಇದ್ದಂಗ ಐತಿ. ಇದ್ರಾಗ ಇಳದ್ರ ಟ್ರ್ಯಾಕ್ಟರ್ ಬರ್ಬೇಕು."

ಬಣ್ಣ ಕಪ್ಪಲ್ಲ, ಬೂದಿ. ಆದರೆ ಗುಣ ಎರೆಮಣ್ಣಿನದೇ. ಇದರಲ್ಲಿ ಬೆಂಟೊನೈಟ್ ಅನ್ನುವ ಜೇಡಿ ಇದೆ, ನೀರು ಕುಡಿದರೆ ಉಬ್ಬುತ್ತದೆ, ಜಾರುತ್ತದೆ, ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಇಲ್ಲಿಯವರು 'ಗಂಬೋ' ಅನ್ನುತ್ತಾರೆ. ಒಣಗಿದಾಗ ಕಾಂಕ್ರೀಟು. ಮುಂದೆ ದಾರಿಯಲ್ಲಿ ಯಾರದೋ ಗಾಡಿ ಹೂತು ಎದ್ದ ಹಳೆಯ ಗುರುತು ಮೊಣಕಾಲಾಳ ಇತ್ತು. ಇಕೋಟೂರ್ ರಸ್ತೆಗೆ ಜಲ್ಲಿ ಇದೆ, ಸಾಧಾರಣ ಮಳೆಗೆ ಸೆಡಾನ್ ಹೋಗುತ್ತದೆ. ಅದರಾಚೆಯ ಮಣ್ಣಿನ ದಾರಿಗಳಿಗೆ ಮಳೆ ಬಿದ್ದ ದಿನ ಇಳಿಯಬೇಡಿ. ಇದನ್ನು ಮ್ಯಾಪು ಹೇಳುವುದಿಲ್ಲ. ಪ್ರತಿ ಕಾರಿನಲ್ಲೂ ರೋಣದ ಡ್ರೈವರ್ ಇರುವುದಿಲ್ಲವಾದ್ದರಿಂದ ಬರೆದಿದ್ದೇನೆ.

ಕೊರತೆಗಳು: ಮೊಬೈಲ್ ಸಿಗ್ನಲ್ ಬಹಳ ಕಡೆ ಇಲ್ಲ, ನಕ್ಷೆ ಕಾಗದದಲ್ಲೇ ಇರಲಿ. ಶೌಚಾಲಯ ಎಲ್ಲ ಸ್ಟಾಪ್‌ನಲ್ಲೂ ಇಲ್ಲ, ವಯಸ್ಸಾದವರ ಜೊತೆ ಹೋದರೆ ಇದು ಸಣ್ಣ ವಿಷಯವಲ್ಲ. ನೀರು, ಊಟ ಹೊತ್ತುಕೊಂಡೇ ಹೋಗಬೇಕು. ನಾವು ಚಪಾತಿ, ಶೇಂಗಾ ಚಟ್ನಿಪುಡಿ, ಮೊಸರು ಒಯ್ದಿದ್ದೆವು. ಸ್ವಿಫ್ಟ್ ಕರೆಂಟ್‌ನಲ್ಲೇ ಟ್ಯಾಂಕ್ ತುಂಬಿಸಿ. ಬೋರ್ಡ್‌ಗಳು ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಇವೆ, ಬರಹ ಚೆನ್ನಾಗಿದೆ. ನನ್ನ ದೊಡ್ಡ ತಕರಾರು ಒಂದೇ. ನನಗೆ ಸಿಕ್ಕ ನಕ್ಷೆಯಲ್ಲಿ ಎಲ್ಲಿ ನಿಲ್ಲಬೇಕು ಅಂತ ಇತ್ತು, ಎಷ್ಟು ಹೊತ್ತಿಗೆ ಹೋಗಬೇಕು ಅಂತ ಎದ್ದು ಕಾಣುವ ಹಾಗೆ ಇರಲಿಲ್ಲ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಅದು ಇರಬೇಕಿತ್ತು, ಅಲ್ವಾ?

ಈಸ್ಟ್ ಬ್ಲಾಕ್‌ಗೆ ನಾವು ಹೋಗಲಿಲ್ಲ. ಎರಡರ ನಡುವೆ ಪಾರ್ಕಿನೊಳಗಿಂದ ರಸ್ತೆ ಇಲ್ಲ, ಸುತ್ತಿ ಹೋಗಬೇಕು. ಅಲ್ಲಿ ಬೋಳು ಮಣ್ಣಿನ ಬ್ಯಾಡ್‌ಲ್ಯಾಂಡ್ಸ್ ಇದೆ. 1874ರಲ್ಲಿ ಭೂವಿಜ್ಞಾನಿ ಜಾರ್ಜ್ ಮರ್ಸರ್ ಡಾಸನ್ ಪಶ್ಚಿಮ ಕೆನಡಾದ ಮೊದಲ ಡೈನೋಸಾರ್ ಮೂಳೆ ಪತ್ತೆ ಮಾಡಿದ್ದು ಅಲ್ಲೇ. ಅದಕ್ಕೂ ಬ್ಯಾಡ್‌ಲ್ಯಾಂಡ್ಸ್ ಪಾರ್ಕ್‌ವೇ ಅಂತ ಒಂದು ಡ್ರೈವ್ ಇದೆ. ಅದು ಮುಂದಿನ ಸಲಕ್ಕೆ.

ವಾಪಸ್ ಬರುವಾಗ ಸ್ವಿಫ್ಟ್ ಕರೆಂಟ್‌ನಲ್ಲಿ ಟೀ ಕುಡಿಯುತ್ತಾ ಅಪ್ಪನನ್ನು ಕೇಳಿದೆ. ಐದರಲ್ಲಿ ಎಷ್ಟು ಸ್ಟಾರ್ ಕೊಡ್ತಿ?

"ರಸ್ತೆಗೆ ನಾಕು. ಒಂದ್ ಕಡಿ ತಗ್ಗ್ ಭಾಳ ಅದಾವು."

"ದನಕ್ಕ?"

"ಐದು."

ಸ್ವಲ್ಪ ಹೊತ್ತು ಟೀ ಊದಿ ಕುಡಿದರು. ನಾನು ಕೇಳದಿದ್ದರೂ ಹೇಳಿದರು. "ಡ್ರೈವರ್‌ಗೆ ಮೂರು. ಜಲ್ಲಿ ಮ್ಯಾಲ ಬ್ರೇಕ್ ಭಾಳ ತುಳಿತಿ."